ಹಾಜರಿ ಯಂತ್ರ ಏಳುವ ಹೊತ್ತು

ತಮ್ಮ ಏನು ಕೆಲಸ ಮಾಡುತ್ತಾನೆ ಎಂದು ಸುಂಕದಕಟ್ಟೆಯ ವಠಾರದಲ್ಲಿ ಯಾರಾದರೂ ಕೇಳಿದರೆ ಭಾಗವ್ವ, "ಮಷೀನ್ ಎಬ್ಬಸ್ತಾನ್ರೀ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ವೀರೇಶನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಎಂಬೆಡೆಡ್ ಎಂಜಿನಿಯರ್ ಎಂದು ಅಚ್ಚು ಹಾಕಿಸಿದ ಕಾರ್ಡು ಜೇಬಿನಲ್ಲಿದ್ದರೂ ಅವನ ಬದುಕು ನಿಜಕ್ಕೂ ಅಷ್ಟೇ ಆಗಿತ್ತು. ಸ್ವಿಚ್ ಹಾಕುವುದು, ಯಂತ್ರ ಕಣ್ಣು ಬಿಡುವವರೆಗೆ ಕಾಯುವುದು, ಬಿಡದಿದ್ದರೆ ಯಾಕೆ ಎಂದು ತಲೆ ಕೆರೆದುಕೊಳ್ಳುವುದು, ಮತ್ತೆ ಸ್ವಿಚ್ ಹಾಕುವುದು. ಮೂವತ್ತು ದಾಟುವಷ್ಟರಲ್ಲಿ ಅವನ ಕಣ್ಣ ಕೆಳಗೆ ಚೀಲ ಬಿದ್ದಿದ್ದವು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ನಿದ್ದೆ ಮಾಡುವ ವಿದ್ಯೆ ಅವನಿಗೆ ಸಿದ್ಧಿಸಿತ್ತು.

ಅಕ್ಕ ತಮ್ಮ ಇಬ್ಬರೂ ರೋಣದ ಕಡೆಯವರು. ಗಂಡ ಬಿಟ್ಟುಹೋದ ಮೇಲೆ ಭಾಗವ್ವ ಯಾರ ಮನೆಯ ಬಾಗಿಲಿಗೂ ಹೋಗಿ ಅಳಲಿಲ್ಲ. ಬೆಂಗಳೂರಿಗೆ ಹೊಲಿಗೆ ಕೆಲಸಕ್ಕೆ ಹೊರಟಿದ್ದ ಓಣಿಯ ಹೆಂಗಸರ ಜೊತೆ ತಾನೂ ಬಸ್ಸು ಹತ್ತಿದಳು. ಮಾಗಡಿ ರಸ್ತೆಯ ಗಾರ್ಮೆಂಟ್ಸಿಗೆ ಸೇರಿ, ಕಾಲರ್ ಹೊಲಿಯುವುದರಲ್ಲಿ ಕೈ ಕುದುರಿಸಿಕೊಂಡು, ಮರುವರ್ಷವೇ ತಮ್ಮನನ್ನು ಕರೆಸಿಕೊಂಡಳು. "ನೀ ಓದಕೋಂತ ಇರು, ನಾ ಹೊಲಕೋಂತ ಇರ್ತೀನಿ" ಎಂದಿದ್ದಳು. ಹೇಳಿದ ಹಾಗೇ ಆಯಿತು. ಅವನು ಡಿಪ್ಲೊಮಾ ಮುಗಿಸುವ ಹೊತ್ತಿಗೆ ಅವಳ ಕತ್ತು ಎಡಕ್ಕೆ ತಿರುಗುವುದನ್ನು ನಿಲ್ಲಿಸಿತ್ತು. ಯಾರಾದರೂ ಎಡಗಡೆಯಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ವಠಾರದ ಮಕ್ಕಳಿಗೆ ಅದೊಂದು ಆಟ, ಬೇಕೆಂದೇ ಎಡಗಡೆಯಿಂದ ಕೂಗುತ್ತಿದ್ದವು.

ವೀರೇಶನಿಗೆ ಕೆಲಸ ಸಿಕ್ಕಿದ್ದು ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಚಕ್ರಪಾಣಿ ಎಂಬುವರ ಸಣ್ಣ ಕಂಪನಿಯಲ್ಲಿ. ಮೊದಲು ಟಿ.ವಿ. ಸ್ಟೆಬಿಲೈಸರ್ ಮಾಡುತ್ತಿದ್ದವರು ಕಾಲ ನೋಡಿಕೊಂಡು ಬೆರಳಚ್ಚಿನ ಹಾಜರಿ ಯಂತ್ರಕ್ಕೆ ಇಳಿದಿದ್ದರು. ಗೋಡೆಗೆ ಹಾಕುವ ಒಂದು ಪೆಟ್ಟಿಗೆ. ಅದರೊಳಗೆ ಅಂಗೈ ಅಗಲದ ಕಂಪ್ಯೂಟರ್. ಬೆರಳಿಟ್ಟರೆ ಹೆಸರು, ಹೊತ್ತು ಎರಡನ್ನೂ ಬರೆದಿಟ್ಟುಕೊಳ್ಳುತ್ತದೆ. ಚಕ್ರಪಾಣಿಯವರು ಒಳ್ಳೆಯ ಮನುಷ್ಯರೇ. ಒಂದೇ ಕಷ್ಟವೆಂದರೆ, ಗಿರಾಕಿ ಏನು ಕೇಳಿದರೂ ಅವರ ಬಾಯಲ್ಲಿ ಹೂಂ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಹೂಂ ಅನ್ನುವುದು ಅವರ ಪಾಲು, ಅದನ್ನು ಮಾಡಿ ಮುಗಿಸುವುದು ವೀರೇಶನ ಪಾಲು.

೨೦೦೮ರಲ್ಲಿ ಅವರು ಹೂಂ ಅಂದದ್ದು ಭಾಗವ್ವ ಕೆಲಸ ಮಾಡುವ ಕಾರ್ಖಾನೆಗೇ. ಅಲ್ಲಿ ಹೊಲಿದ ಶರ್ಟುಗಳೆಲ್ಲ ಹೊರದೇಶಕ್ಕೆ ಹೋಗುತ್ತಿದ್ದವು. ಕೊಳ್ಳುವ ಕಂಪನಿಯವರು ಟೈ ಕಟ್ಟಿಕೊಂಡು ಬಂದು, ಕಕ್ಕಸು ನೋಡಿ, ಬೆಂಕಿ ಬಾಗಿಲು ನೋಡಿ, ಕೊನೆಗೆ ಹಾಜರಿ ಪುಸ್ತಕ ನೋಡಿ ಮೂಗು ಮುರಿದಿದ್ದರು. ನೀವು ಹೊತ್ತನ್ನು ತಿದ್ದುತ್ತೀರಿ, ಯಾರೂ ತಿದ್ದಲಾಗದ ಯಂತ್ರ ಹಾಕಿಸಿ ಎಂದು ಪಟ್ಟು ಹಿಡಿದರು. ಚಕ್ರಪಾಣಿಯವರು, "ನಮ್ ಮಷೀನ್ ಬರೆದಿದ್ದನ್ನ ದೇವ್ರು ಬಂದ್ರೂ ತಿದ್ದಕ್ಕಾಗಲ್ಲ ಸಾರ್" ಎಂದು ಎದೆ ತಟ್ಟಿ ಹೇಳಿ ಬಂದರು. ಅಂಥ ಯಂತ್ರ ಆಗಿನ್ನೂ ಅವರ ಬಳಿ ಇರಲೇ ಇಲ್ಲ.

ಅದನ್ನು ಮಾಡುವ ದಾರಿ ಆ ಕಂಪ್ಯೂಟರನ್ನು ನಡೆಸುವ ತಂತ್ರಾಂಶವಾದ ಲಿನಕ್ಸ್‌ನಲ್ಲಿ ಇತ್ತು. ಒಳಗಿರುವ ಪ್ರತಿಯೊಂದು ಫೈಲಿಗೂ ಒಂದೊಂದು ಹಣೆಪಟ್ಟಿ ಅಂಟಿಸುವುದು. ಇದನ್ನು ಯಾರು ಓದಬಹುದು, ಯಾರು ಬರೆಯಬಹುದು, ಯಾರು ಹತ್ತಿರವೂ ಸುಳಿಯಬಾರದು ಎಂದು ಆ ಪಟ್ಟಿ ಹೇಳುತ್ತದೆ. ಮದುವೆ ಮನೆಯ ಉಗ್ರಾಣಕ್ಕೆ ಒಬ್ಬ ಗಟ್ಟಿ ಸೋದರಮಾವನನ್ನು ಕೂರಿಸುವ ಹಾಗೆ. ಮದುಮಗನ ಅಪ್ಪನೇ ಬಂದರೂ ಅವನು ತುಪ್ಪದ ಡಬ್ಬ ಕೊಡುವುದಿಲ್ಲ. ವೀರೇಶ ತಿಂಗಳುಗಟ್ಟಲೆ ಕೂತು ಇದನ್ನು ಆ ಪುಟ್ಟ ಪೆಟ್ಟಿಗೆಯೊಳಗೆ ಇಳಿಸಿದ. ಹಾಜರಿಯ ಹೊತ್ತನ್ನು ಯಂತ್ರವೊಂದೇ ಬರೆಯಬೇಕು, ಕಾರ್ಖಾನೆಯ ಮ್ಯಾನೇಜರನೂ ತಿದ್ದುವಂತಿಲ್ಲ. ಹೊಸಬರ ಬೆರಳಚ್ಚನ್ನು ಸೇರಿಸಲು, ಬಿಟ್ಟುಹೋದವರದನ್ನು ತೆಗೆಯಲು, ಯಂತ್ರವನ್ನು ಕ್ರಮವಾಗಿ ಮುಚ್ಚಲು ಎಂಜಿನಿಯರನ ಬೆರಳೇ ಬೇಕು.

ಒಂದು ಕಡೆ ಮಾತ್ರ ಅವನಿಗೆ ಅಳುಕು. ಯಂತ್ರ ನಡೆಯುತ್ತಿರುವಾಗಲೇ ಕರೆಂಟು ಹೋದರೆ ಬರೆಯುತ್ತಿದ್ದ ಪಟ್ಟಿ ಅರ್ಧಕ್ಕೆ ನಿಂತಿರಬಹುದು, ಯಾವ ಪಟ್ಟಿ ಸರಿ ಯಾವುದು ತಪ್ಪು ಎಂದು ಹೇಳುವುದು ಹೇಗೆ? ಅದಕ್ಕೊಂದು ನಿಯಮ ಬರೆದ. ಹಿಂದಿನ ಸಲ ಕ್ರಮವಾಗಿ ಮುಚ್ಚದೆ ಆರಿಹೋಗಿದ್ದರೆ, ಮುಂದಿನ ಸಲ ಎದ್ದ ಕೂಡಲೇ ಯಂತ್ರ ತನ್ನೊಳಗಿನ ಎಲ್ಲ ಫೈಲುಗಳಿಗೂ ಮೊದಲಿಂದ ಹೊಸದಾಗಿ ಪಟ್ಟಿ ಹಚ್ಚಬೇಕು. ಹಚ್ಚಿ ಮುಗಿಯುವವರೆಗೆ ಯಾರ ಬೆರಳನ್ನೂ ಮುಟ್ಟಬಾರದು. ನಡುವೆ ಮತ್ತೆ ಆರಿದರೆ ಮತ್ತೆ ಮೊದಲಿಂದ. ಪುಸ್ತಕದ ಪ್ರಕಾರ ಇದಕ್ಕಿಂತ ಕ್ಷೇಮದ ದಾರಿ ಇಲ್ಲ. ಕಚೇರಿಯಲ್ಲಿ ಪರೀಕ್ಷೆ ಮಾಡಿದಾಗ ಏನೂ ತೊಂದರೆ ಕಾಣಲಿಲ್ಲ. ಕಚೇರಿಯಲ್ಲಿ ಯುಪಿಎಸ್ ಇತ್ತು, ಯಂತ್ರ ಹಾಗೆ ಆರುತ್ತಲೇ ಇರಲಿಲ್ಲ. ಬೇಕೆಂದೇ ಪ್ಲಗ್ಗು ಕಿತ್ತು ನೋಡಿದಾಗಲೂ ಒಳಗಿದ್ದದ್ದು ಕಚೇರಿಯ ಕೆಲವೇ ಜನರ ಬೆರಳಚ್ಚು, ಒಂದು ಆಕಳಿಕೆ ಮುಗಿಯುವಷ್ಟರಲ್ಲಿ ಪಟ್ಟಿ ಹಚ್ಚಿ ಎದ್ದು ಕೂರುತ್ತಿತ್ತು.

ಕಾರ್ಖಾನೆಯ ರೀತಿಯೇ ಬೇರೆ. ಅಲ್ಲಿ ಮೇನ್ ಬೋರ್ಡಿನ ಉಸ್ತುವಾರಿ ಚಿಕ್ಕಹನುಮಯ್ಯನದು. ಕಾರ್ಖಾನೆ ನಿಂತಿರುವ ಜಾಗ ಒಂದು ಕಾಲಕ್ಕೆ ಅವನ ಮನೆತನದ ರಾಗಿ ಹೊಲ. ಜಮೀನು ಮಾರಿದಾಗ ಅವನಿಗೊಂದು ಕೆಲಸ ಕೊಡುವುದೆಂದು ಮಾತಾಗಿತ್ತು. ಒಮ್ಮೆ ಕತ್ತರಿಸುವ ವಿಭಾಗದಲ್ಲಿ ವೈರು ಸುಟ್ಟು ಬಟ್ಟೆಗೆ ಬೆಂಕಿ ಹತ್ತಿದ ಮೇಲೆ ಮಾಲೀಕರು ಕಟ್ಟಪ್ಪಣೆ ಮಾಡಿದ್ದರು, ಸಂಜೆ ಎಲ್ಲರೂ ಹೊರಟ ಕೂಡಲೇ ಒಳಗಿನ ಕರೆಂಟು ಪೂರ್ತಿ ಆರಬೇಕು ಎಂದು. ಚಿಕ್ಕಹನುಮಯ್ಯ ಆ ಅಪ್ಪಣೆಯನ್ನು ವ್ರತದಂತೆ ಪಾಲಿಸುತ್ತಿದ್ದ. ಸಂಜೆ ಮೇನ್ ಎಳೆದು, ಬೋರ್ಡಿಗೆ ಕೈ ಮುಗಿದು, ಆ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದ. ಗೇಟಿನ ಸೆಕ್ಯುರಿಟಿಯವರಿಗೂ ಆ ಬೀಗದ ಕೈ ಇಲ್ಲ. ಬೆಳಿಗ್ಗೆ ಹೆಂಗಸರು ಬರುವ ಹೊತ್ತಿಗೆ ಬಂದು ಮತ್ತೆ ಹಾಕುತ್ತಿದ್ದ. ಯಂತ್ರದ ಜೊತೆ ಕೊಟ್ಟಿದ್ದ ಪುಟ್ಟ ಯುಪಿಎಸ್ಸು ಮ್ಯಾನೇಜರರ ಟೇಬಲ್ಲಿನ ಕೆಳಗೆ ಸೇರಿ ಅವರ ಕಂಪ್ಯೂಟರಿನ ಸೇವೆಯಲ್ಲಿತ್ತು.

ಹಾಗಾಗಿ ಯಂತ್ರ ದಿನವೂ ಅಕಾಲದಲ್ಲೇ ಆರುತ್ತಿತ್ತು, ದಿನವೂ ಅನುಮಾನದಿಂದಲೇ ಏಳುತ್ತಿತ್ತು. ಒಳಗಿದ್ದದ್ದು ಸಾವಿರ ಹೆಂಗಸರ ಬೆರಳಚ್ಚು, ಒಬ್ಬೊಬ್ಬರಿಗೆ ಎರಡೆರಡು ಫೈಲು, ಎಲ್ಲವೂ ನಿಧಾನದ ಒಂದು ಮೆಮೊರಿ ಕಾರ್ಡಿನ ಮೇಲೆ. ಹಾಕಿದ ಮರುದಿನ ಬೆಳಿಗ್ಗೆ ಪರದೆಯ ಮೇಲೆ ಒಂದೊಂದೇ ಚುಕ್ಕಿ ಮೂಡುತ್ತಾ ನಿಂತಿತು. ಗೇಟಿನ ಹೊರಗೆ ಸಾಲು ಮಾಗಡಿ ರಸ್ತೆಗೆ ಮುಟ್ಟಿತು. ಮೇಲ್ವಿಚಾರಕನಿಗೆ ರೇಗಿತು. ಹ್ಯಾಂಗ್ ಆಗಿದೆ ಎಂದು ಅವನು ಯಂತ್ರದ ಸ್ವಿಚ್ಚು ಆರಿಸಿ ಮತ್ತೆ ಹಾಕಿದ. ಯಂತ್ರ ಮತ್ತೆ ಮೊದಲಿಂದ ಶುರು ಮಾಡಿತು. ಅವನು ಮತ್ತೆ ಆರಿಸಿದ. ಕೊನೆಗೆ ಅವನೇ ಬೇಸತ್ತು ಚಹಾಕ್ಕೆ ಹೋದ ಮೇಲೆ ಅದು ನೆಮ್ಮದಿಯಿಂದ ಪಟ್ಟಿ ಹಚ್ಚಿ ಮುಗಿಸಿ, ಒಬ್ಬೊಬ್ಬರದೇ ಬೆರಳು ತೆಗೆದುಕೊಂಡು, ಎಲ್ಲರ ಹೆಸರಿನ ಮುಂದೂ ತಡ ಎಂದು ಬರೆಯಿತು. ಮರುದಿನವೂ ಅದೇ ಕತೆ.

"ನಿನ್ನ ಭಾಳ ಬೈದ್ರಪ್ಪಾ" ಎಂದಳು ಭಾಗವ್ವ, ಅಂದು ಸಂಜೆ ರೊಟ್ಟಿ ಬಡಿಯುತ್ತಾ. "ಇದನ್ನ ಮಾಡಿದಾವನ ಕೈ ಸೇದಿ ಹೋಗ್ಲಿ ಅಂದ್ರು. ನನ್ನ ಮುಂದಿದ್ದಾಕಿನ ಅಂದ್ಲು. ನಾ ಏನ್ ಅನ್ನಲಿ? ಸುಮ್ಕ ನಿಂತಿದ್ದೆ."

"ಎರಡೂ ದಿನ ಲೇಟ್ ಬಿತ್ತಾ ನಿಂಗೆ?"

"ಬಿತ್ತು. ಇನ್ನೊಂದು ಬಿದ್ರ ಆಫೀಸಿಗೆ ಕರೀತಾರ."

ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ಹೊರದೇಶದಲ್ಲಿ ಬ್ಯಾಂಕುಗಳು ಮುಳುಗಿ ಶರ್ಟಿನ ಆರ್ಡರುಗಳು ಕರಗುತ್ತಿದ್ದ ಕಾಲ ಅದು. ಕಾರ್ಖಾನೆಯವರು ಜನರನ್ನು ಕಡಿಮೆ ಮಾಡಲು ನೆಪ ಹುಡುಕುತ್ತಿದ್ದರು. ತಿಂಗಳಿಗೆ ಮೂರು ಸಲ ತಡವಾದರೆ ಆಫೀಸಿಗೆ ಕರೆದು ರಾಜೀನಾಮೆಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ನಿಯಮ ಎಲ್ಲರಿಗೂ ಒಂದೇ. ಕರೆಯುತ್ತಿದ್ದದ್ದು ಮಾತ್ರ ನಲವತ್ತು ದಾಟಿದವರನ್ನು, ಕಣ್ಣು ಮಂಜಾದವರನ್ನು, ಕತ್ತು ತಿರುಗದವರನ್ನು. ಭಾಗವ್ವನಿಗೆ ನಲವತ್ತಾರು. ಅಲ್ಲಿಂದ ಹೊರಬಿದ್ದರೆ ಇನ್ನೊಂದು ಗಾರ್ಮೆಂಟ್ಸಿನವರು ಅವಳನ್ನು ಗೇಟಿನೊಳಗೂ ಬಿಡುವುದಿಲ್ಲ. ಅವಳಿಗೆ ಹೊಲಿಗೆ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಹೊಲಿಗೆ ಬಿಟ್ಟು ಬೇರೇನೂ ಬೇಕಾಗಿಯೂ ಇರಲಿಲ್ಲ. ಯಾವ ಅಂಗಡಿಯ ಮುಂದೆ ಹೋದರೂ ತೂಗುಹಾಕಿದ ಶರ್ಟಿನ ಕಾಲರನ್ನು ಬೆರಳಿನಿಂದ ಮಡಚಿ ನೋಡಿ, "ಎಳಿ ಎಳದೈತಿ" ಎಂದು ತಪ್ಪು ಹೇಳದಿದ್ದರೆ ಅವಳಿಗೆ ಸಮಾಧಾನವಾಗುತ್ತಿರಲಿಲ್ಲ.

ಆ ರಾತ್ರಿಯೇ ವೀರೇಶ ಚಿಕ್ಕಹನುಮಯ್ಯನ ಮನೆಗೆ ಹೋಗಿ ಕೈಕಾಲು ಹಿಡಿದ. ಹೊಸ ಸಾಫ್ಟ್‌ವೇರ್ ಬರುವವರೆಗೆ ದಿನಾ ಒಂದು ತಾಸು ಮುಂಚೆ ಬಂದು ಮೇನ್ ಹಾಕಿ ಎಂದು ಕೇಳಿಕೊಂಡ. ಚಿಕ್ಕಹನುಮಯ್ಯನಿಗೆ ಮಂಡಿ ನೋವು. ಹೆಗ್ಗನಹಳ್ಳಿಯಿಂದ ಚಳಿಯಲ್ಲಿ ನಡೆದು ಬರಬೇಕು. ಆದರೂ, "ಆಯ್ತು ಬಿಡಿ ಸಾರ್, ಹೆಣ್ಮಕ್ಳು ರೋಡಲ್ಲಿ ನಿಂತ್ಕೊಳೋದು ನೋಡಕ್ಕಾಗಲ್ಲ" ಎಂದು ಒಪ್ಪಿದ. ಒಪ್ಪಿದ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಮಂಕಿ ಕ್ಯಾಪು ಹಾಕಿಕೊಂಡು, ಬೀಡಿ ಕಚ್ಚಿಕೊಂಡು, ಮಂಡಿಯನ್ನು ಬೈದುಕೊಳ್ಳುತ್ತಾ ಬಂದು ಮೇನ್ ಹಾಕುತ್ತಿದ್ದ. ಹೆಂಗಸರು ಬರುವ ಹೊತ್ತಿಗೆ ಯಂತ್ರ ಎದ್ದಿರುತ್ತಿತ್ತು.

ಇತ್ತ ವೀರೇಶ ಪರಿಹಾರ ಹುಡುಕುತ್ತಾ ಕಚೇರಿಯಲ್ಲೇ ಬೀಡುಬಿಟ್ಟ. ಹುಡುಕಿದ ಮೇಲೆ ಅದು ಎಷ್ಟು ಸುಲಭದ್ದಾಗಿತ್ತೆಂದರೆ ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಬೆರಳಚ್ಚಿನ ಫೈಲುಗಳಿಗೆಲ್ಲ ಬೇರೆ ಬೇರೆ ಪಟ್ಟಿ ಯಾಕೆ ಬೇಕು? ಅವು ಇರುವ ಇಡೀ ಭಾಗಕ್ಕೆ ಬಾಗಿಲಲ್ಲೇ ಒಂದು ಪಟ್ಟಿ ಹಾಕಿದರೆ ಆಯಿತು. ಯಂತ್ರದ ಸ್ವಂತ ಫೈಲುಗಳಿಗೆ ಒಮ್ಮೆ ಹಚ್ಚಿದ ಪಟ್ಟಿಯನ್ನು ಯಾರೂ ಮುಟ್ಟದಂತೆ ಬೀಗ ಹಾಕಿಟ್ಟರೆ ಆಯಿತು. ಆಮೇಲೆ ಎಷ್ಟು ಸಲ ಕರೆಂಟು ಹೋದರೂ ಯಂತ್ರ ಅನುಮಾನ ಪಡಬೇಕಾಗಿಲ್ಲ, ಮೇನ್ ಹಾಕಿದ ಕೂಡಲೇ ಏಳುತ್ತದೆ. ಒಂದೇ ಒಂದು ತೊಡಕು ಉಳಿಯಿತು. ಹೊಸದನ್ನು ಪೆನ್ ಡ್ರೈವಿನಲ್ಲಿ ಒಯ್ದು ಹಾಕಬೇಕು, ಪೆನ್ ಡ್ರೈವಿನಲ್ಲಿ ಪಟ್ಟಿಗಳು ಉಳಿಯುವುದಿಲ್ಲ. ಆದ್ದರಿಂದ ಹಾಕಿದ ಮೇಲೆ ಯಂತ್ರ ಒಂದು ಸಲ, ಕೊನೆಯ ಸಲ, ಮೊದಲಿಂದ ಕೊನೆಯವರೆಗೆ ಪಟ್ಟಿ ಹಚ್ಚಿಕೊಳ್ಳಬೇಕು. ಆ ಒಂದು ಸಲ ಪೂರ್ತಿಯಾಗುವವರೆಗೆ ಪಕ್ಕದಲ್ಲಿ ಕೂತಿರಬೇಕು. ಅಷ್ಟೇ.

ಶನಿವಾರ ಸಂಜೆ ಹಾಕುವುದೆಂದು ಗೊತ್ತಾಯಿತು. ಆ ವಾರ ವೀರೇಶ ಮಲಗಿದ್ದು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಚಕ್ರಪಾಣಿಯವರು ಹಿಂದೆ ನಿಂತು, "ಆಯ್ತೇನಯ್ಯ, ಆಯ್ತೇನಯ್ಯ" ಎಂದು ಜೀವ ಹಿಂಡಿದ್ದರು. ಕಾರ್ಖಾನೆಗೆ ಬಂದಾಗ ಹೆಂಗಸರು ಹೊರಡುತ್ತಿದ್ದರು. ಭಾಗವ್ವ ಅವನ ಮುಖ ನೋಡಿದಳು, ಆದರೆ ಮಾತಾಡಿಸಲಿಲ್ಲ. ಅವನು ತನ್ನ ತಮ್ಮ ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹೆಂಗಸರು ಬೈಯಲು ಸಂಕೋಚಪಟ್ಟಾರು ಎಂದು.

ಪೆನ್ ಡ್ರೈವು ಚುಚ್ಚಿ, ಹೊಸದನ್ನು ಹಾಕಿ, ಯಂತ್ರವನ್ನು ಎಬ್ಬಿಸಿ, ವೀರೇಶ ಗೋಡೆಯ ಪಕ್ಕ ಕಟ್ಟಿಟ್ಟಿದ್ದ ಬಟ್ಟೆಯ ಮೂಟೆಯ ಮೇಲೆ ಕೂತ. ಪರದೆಯ ಮೇಲೆ ಚುಕ್ಕಿಗಳು ಮೂಡತೊಡಗಿದವು.

"ಎಷ್ಟೊತ್ತಾಗುತ್ತೆ ಸಾರ್?" ಎಂದ ಚಿಕ್ಕಹನುಮಯ್ಯ.

"ಈ ಚುಕ್ಕಿ ಎಲ್ಲಾ ತುಂಬ್ಬೇಕು. ತುಂಬಿದ್ಮೇಲೆ ಬೆರಳು ಇಡಿ ಅಂತ ಬರುತ್ತೆ. ಅಲ್ಲೀವರ್ಗೂ ಮೇನ್ ಮುಟ್ಬೇಡಿ."

"ಆಯ್ತು, ನೀವು ಹೇಳಿದ್ಮೇಲೇ."

"ಇನ್ಮೇಲೆ ನೀವು ಬೇಗ ಬರ್ಬೇಕಾಗಿಲ್ಲ. ಸೋಮವಾರದಿಂದ ನಿಧಾನವಾಗಿ ಬನ್ನಿ, ಮಂಡಿ ನೋವಿಗೆ ರೆಸ್ಟ್ ಕೊಡಿ" ಎಂದ ವೀರೇಶ. ಚಿಕ್ಕಹನುಮಯ್ಯನ ಮುಖ ಅರಳಿತು. ಆ ಅರಳಿದ ಮುಖ ನೋಡಿ ವೀರೇಶನಿಗೂ ಹಿತವಾಯಿತು. ಎಷ್ಟೋ ದಿನಗಳ ಮೇಲೆ ಒಬ್ಬರಿಗೆ ಒಳ್ಳೆಯ ಸುದ್ದಿ ಹೇಳಿದ್ದ.

ಮೂಟೆ ಮೆತ್ತಗಿತ್ತು. ಹೊಲಿಗೆ ಯಂತ್ರಗಳೆಲ್ಲ ನಿಂತು ಇಡೀ ಸೂರು ನಿಶ್ಶಬ್ದವಾಗಿತ್ತು. ವೀರೇಶ ಒಂದು ಚುಕ್ಕಿಯಿಂದ ಇನ್ನೊಂದು ಚುಕ್ಕಿಯವರೆಗೆ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಯಾವುದೋ ಒಂದು ಚುಕ್ಕಿಗೆ ಮುಚ್ಚಿದ್ದು ತೆರೆಯಲಿಲ್ಲ.

ಚಿಕ್ಕಹನುಮಯ್ಯ ಬಂದು ನೋಡಿದಾಗ ಎಂಜಿನಿಯರ್ ಸಾಹೇಬರು ಬಾಯಿ ತೆರೆದುಕೊಂಡು ಮಗುವಿನಂತೆ ಮಲಗಿದ್ದರು. ಪರದೆಯ ತುಂಬ ಚುಕ್ಕಿಗಳಿದ್ದವು. ಅವನ ಕಣ್ಣಿಗೆ ತುಂಬಿದ ಹಾಗೇ ಕಂಡವು. ಎಬ್ಬಿಸಿ ಕೇಳೋಣವೆಂದರೆ ಮನಸ್ಸು ಬರಲಿಲ್ಲ, ಪಾಪ, ಎಷ್ಟು ದಿನದ ನಿದ್ದೆಯೋ ಎನ್ನಿಸಿತು. ಮಾಲೀಕರ ಅಪ್ಪಣೆಯ ಹೊತ್ತು ಮೀರುತ್ತಿತ್ತು. ಮೇನ್ ಎಳೆದು, ಕೈ ಮುಗಿದು, ಬೀಗ ಹಾಕಿ, ಬ್ಯಾಟರಿ ಹಿಡಿದು ಬಂದು ಅವನ ಪಕ್ಕದಲ್ಲೇ ಕೂತು ಒಂದು ಬೀಡಿ ಸೇದಿದ. ಆಮೇಲೆ ಭುಜ ಅಲುಗಿಸಿದ.

"ಸಾರ್, ಏಳಿ. ಎಲ್ಲಾ ಆಯ್ತು."

ವೀರೇಶ ದಡಬಡಿಸಿ ಎದ್ದ. ಯಂತ್ರ ಕತ್ತಲಾಗಿತ್ತು. "ಬೆರಳು ಇಡಿ ಅಂತ ಬಂತಾ?"

"ಚುಕ್ಕಿ ಎಲ್ಲಾ ತುಂಬಿತ್ತು ಸಾರ್. ಬಂದಿತ್ತು ಅನ್ಸುತ್ತೆ."

ಅನ್ನಿಸುತ್ತೆ. ಖಾತ್ರಿ ಮಾಡಿಕೊಳ್ಳಬೇಕೆಂದರೆ ಚಿಕ್ಕಹನುಮಯ್ಯ ಉಡಿದಾರದಿಂದ ಬೀಗದ ಕೈ ಬಿಚ್ಚಬೇಕು, ಮೇನ್ ಹಾಕಬೇಕು, ಮುಗಿದಿರದಿದ್ದರೆ ಮತ್ತೆ ಮೊದಲಿಂದ ಕಾಯಬೇಕು. ವೀರೇಶ ಪೆನ್ ಡ್ರೈವು ಕಿತ್ತು ಜೇಬಿಗೆ ಹಾಕಿಕೊಂಡ. ಮುಗಿದಿರುತ್ತದೆ, ಇಷ್ಟು ಹೊತ್ತಾಗಿದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ದಣಿದ ಮನುಷ್ಯನಿಗೆ ತನಗೆ ಬೇಕಾದ ಉತ್ತರ ಬಹಳ ಬೇಗ ಸಿಗುತ್ತದೆ. ಇಬ್ಬರೂ ಮಾತಾಡುತ್ತಾ ಗೇಟಿನವರೆಗೆ ಬಂದು, ಬರ್ತೀನಿ ಸಾರ್ ಎಂದು ಒಬ್ಬರಿಗೊಬ್ಬರು ಕೈ ಮುಗಿದು, ತಂತಮ್ಮ ದಾರಿ ಹಿಡಿದರು. ಭಾನುವಾರವಿಡೀ ವೀರೇಶ ಮಲಗಿದ. ಭಾಗವ್ವ ಎರಡು ಸಲ ಊಟಕ್ಕೆ ಎಬ್ಬಿಸಿ, ಏಳದಿದ್ದಾಗ ಹೊದಿಕೆ ಸರಿಮಾಡಿ ಹೋದಳು.

ಸೋಮವಾರ ಅಕ್ಕ ತಮ್ಮ ಒಟ್ಟಿಗೇ ನಡೆದು ಹೊರಟರು. ಹೊಸದು ಹೇಗೆ ಏಳುತ್ತದೆ ಎಂದು ನೋಡಿಕೊಂಡು ಕಚೇರಿಗೆ ಹೋಗುವುದು ವೀರೇಶನ ಲೆಕ್ಕಾಚಾರ. ಗೇಟಿನ ಹತ್ತಿರ ಬರುವಷ್ಟರಲ್ಲಿ ಸಾಲು ಬೆಳೆದಿತ್ತು. ಚಿಕ್ಕಹನುಮಯ್ಯ, ಹೇಳಿದಂತೆ, ನಿಧಾನವಾಗಿ ಬಂದು ಈಗಷ್ಟೇ ಮೇನ್ ಹಾಕಿದ್ದ. ಭಾಗವ್ವ ಸಾಲಿಗೆ ಸೇರಿಕೊಂಡಳು. ವೀರೇಶ ಮುಂದೆ ಹೋಗಿ ಯಂತ್ರ ನೋಡಿದ. ಪರದೆಯ ಮೇಲೆ ಮೊದಲ ಚುಕ್ಕಿ ಮೂಡುತ್ತಿತ್ತು.

ಶನಿವಾರ ಮುಗಿದಿರಲಿಲ್ಲ. ಮುಗಿಯುವುದಕ್ಕೆ ಎಷ್ಟು ಬಾಕಿಯಿತ್ತೋ ದೇವರೇ ಬಲ್ಲ, ಯಂತ್ರ ತಾನು ಕಲಿತಂತೆ ಮತ್ತೆ ಮೊದಲಿಂದ ಶುರು ಮಾಡಿತ್ತು. ಮೇಲ್ವಿಚಾರಕ ಸ್ವಿಚ್ಚಿಗೆ ಕೈ ಹಾಕಲು ಬಂದಾಗ ವೀರೇಶ ಅಡ್ಡ ನಿಂತ. "ಮುಟ್ಬೇಡಿ ಸಾರ್, ಕಾಲಿಗೆ ಬೀಳ್ತೀನಿ, ಇದೊಂದ್ಸಲ ಬಿಟ್ಬಿಡಿ." ಮಾಡಬಹುದಾದದ್ದು ಕಾಯುವುದೊಂದೇ. ಹಿಂದೆ ಸಾವಿರ ಹೆಂಗಸರು ಗೊಣಗುತ್ತಿದ್ದರು. ಅವನು ತಿರುಗಿ ನೋಡಲಿಲ್ಲ. ಗಂಟೆ ಬಾರಿಸಿತು. ಗಂಟೆ ಬಾರಿಸಿ ಎಷ್ಟೋ ಹೊತ್ತಾದ ಮೇಲೆ ಯಂತ್ರ ಎದ್ದಿತು. ಅದು ಅದರ ಕೊನೆಯ ಮಂಪರು. ಅಂದಿನಿಂದ ಅದು ಯಾವತ್ತೂ ಯಾರನ್ನೂ ಕಾಯಿಸಲಿಲ್ಲ. ಆದರೆ ಅಂದು ಸಾಲಿನಲ್ಲಿದ್ದ ಎಲ್ಲರೂ ತಡ ಎಂದು ಬರೆಯಿತು.

ಊಟದ ಗಂಟೆಗೆ ಮುಂಚೆಯೇ ಆಫೀಸಿನಿಂದ ಕರೆಗಳು ಹೋದವು. ವೀರೇಶ ಕಚೇರಿಗೆ ಹೋಗದೆ ಅಲ್ಲೇ ಉಳಿದಿದ್ದ. ಭಾಗವ್ವ ಒಳಗೆ ಹೋದದ್ದನ್ನು ನೋಡಿ ಅವನೂ ಹಿಂದೆಯೇ ನುಗ್ಗಿದ.

ಆಫೀಸಿನ ಕಮಲಾಕ್ಷಮ್ಮ ಕೆಟ್ಟವರಲ್ಲ. ಮೇಲಿನವರು ಹೆಸರು ಕಳಿಸುತ್ತಿದ್ದರು, ಇವರು ಕರೆಯುತ್ತಿದ್ದರು. ಅವರ ಮುಖದಲ್ಲೂ ನಿದ್ದೆ ಇರಲಿಲ್ಲ. "ಮೂರು ಲೇಟ್ ಆಗಿದೆಯಮ್ಮ. ನಾನು ಹೇಳ್ತಿಲ್ಲ, ಮಷೀನ್ ಹೇಳ್ತಿದೆ. ನನ್ ಕೈಲಿ ತಿದ್ದಕ್ಕಾಗಲ್ಲ" ಎನ್ನುತ್ತಿದ್ದರು.

"ತಪ್ಪು ಅವ್ರದಲ್ಲ ಮೇಡಂ, ಮಷೀನ್‌ದು" ಎಂದ ವೀರೇಶ. "ನಂದು. ಶನಿವಾರ ನಾನು ಸರಿಯಾಗಿ ನೋಡ್ದೆ ಹೋದೆ."

ಕಮಲಾಕ್ಷಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಬರ್ಕೊಡ್ತೀರಾ? ನಿಮ್ ಕಂಪನಿ ಸೀಲ್ ಹಾಕಿ, ಈ ಮಷೀನ್ ತೋರ್ಸೋ ಹೊತ್ತು ನಂಬಕ್ಕಾಗಲ್ಲ ಅಂತ. ಕೊಡಿ, ಈಗ್ಲೇ ಮೇಲೆ ಕಳಿಸ್ತೀನಿ. ಕರೆದಿರೋರ್ನೆಲ್ಲಾ ವಾಪಸ್ ಸೀಟಿಗೆ ಕಳಿಸ್ತೀನಿ." ಒಂದು ಬಿಳಿ ಹಾಳೆಯನ್ನು ಅವನ ಕಡೆ ಸರಿಸಿದರು.

ಅವನು ಹೊರಗೆ ಬಂದು ಚಕ್ರಪಾಣಿಯವರಿಗೆ ಫೋನ್ ಮಾಡಿದ. ಹೂಂ ಬಿಟ್ಟು ಬೇರೆ ಅನ್ನದ ಮನುಷ್ಯ ಮೊದಲ ಸಲ ಇಲ್ಲ ಎಂದರು. "ತಲೆ ಕೆಟ್ಟಿದೆಯೇನಯ್ಯ? ನಮ್ ಮಷೀನ್ ಸುಳ್ಳು ಹೇಳುತ್ತೆ ಅಂತ ನಾವೇ ಬರ್ಕೊಟ್ರೆ ಇನ್ಯಾರ್ ತಗೋತಾರೆ? ಕಂಪನಿ ಮುಚ್ಬೇಕಾಗುತ್ತೆ. ನೀನು ಬರೆದ್ರೆ ನಾಳೆಯಿಂದ ಬರ್ಬೇಡ." ಆಮೇಲೆ ದನಿ ಇಳಿಸಿ, "ನಮ್ಮನ್ನ ನಂಬ್ಕೊಂಡಿರೋರು ಇದಾರೆ ಕಣಯ್ಯ" ಎಂದರು.

ವೀರೇಶ ಒಳಗೆ ಬಂದು ಪೆನ್ನು ತೆಗೆದುಕೊಂಡ. ಬರೆಯಲೇಬೇಕು ಎಂದು ಅವನಿಗೆ ಗೊತ್ತಿತ್ತು. ಬರೆಯುತ್ತೇನೆ ಎಂದೂ ಅಂದುಕೊಂಡಿದ್ದ. ಹಾಳೆಯ ಮೇಲೆ ದಿನಾಂಕ ಹಾಕಿದ. ಮುಂದಿನ ಅಕ್ಷರ ಬರಲಿಲ್ಲ. ಒಂದು ಗಳಿಗೆ, ಎರಡು ಗಳಿಗೆ, ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತ್ತು. ಭಾಗವ್ವ ಇಡೀ ಮೈ ತಿರುಗಿಸಿ ಅವನನ್ನೇ ನೋಡುತ್ತಿದ್ದಳು. ಅವನು ಓದುವುದನ್ನು, ಬರೆಯುವುದನ್ನು, ತಡೆದು ನಿಲ್ಲುವುದನ್ನು ಅವಳಷ್ಟು ನೋಡಿದವರು ಯಾರೂ ಇರಲಿಲ್ಲ.

"ಕೊಡಿಲ್ಲೆ" ಎಂದು ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. "ಬರೀಬ್ಯಾಡ. ಇಬ್ರೂ ಮನ್ಯಾಗ ಕುಂತು ಏನ್ ಮಾಡೂದೈತಿ?"

"ಅಕ್ಕಾ, ತಡಿ..."

"ನನಗೂ ಸಾಕಾಗೈತಪ್ಪಾ. ಕುತಿಗಿ ನೋಯ್ತೈತಿ." ಅದು ಸುಳ್ಳಲ್ಲ. ನಿಜವೂ ಅಲ್ಲ. ರಾಜೀನಾಮೆ ಕಾಗದದ ಮೇಲೆ ಕಮಲಾಕ್ಷಮ್ಮ ತೋರಿಸಿದ ಕಡೆ ತನ್ನ ಹೆಸರನ್ನು, ಅವನೇ ಒಂದು ಕಾಲಕ್ಕೆ ಕಲಿಸಿಕೊಟ್ಟಿದ್ದ ದಪ್ಪ ಅಕ್ಷರಗಳಲ್ಲಿ, ಒಂದೊಂದಾಗಿ ಬರೆದಳು.

ಆಗ ವೀರೇಶನಿಗೆ ಆದದ್ದು ದುಃಖವಲ್ಲ. ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ತಾನು ಬರೆಯಬೇಕಾಗಿಲ್ಲ ಎಂಬ ಹಗುರ. ಒಂದು ಉಸಿರಿನಷ್ಟು ಹೊತ್ತು ಅದಿತ್ತು. ಆಮೇಲೆ ಬಂದ ದುಃಖವನ್ನು ಅವನು ಹೇಗೋ ಸಹಿಸಿಕೊಂಡ. ಆ ಹಗುರಕ್ಕೆ ಮಾತ್ರ ತನ್ನನ್ನು ಎಂದೂ ಕ್ಷಮಿಸಲಿಲ್ಲ.

"ನಿಮ್ಮಕ್ಕನಾ?" ಎಂದರು ಕಮಲಾಕ್ಷಮ್ಮ. ಅವರು ಕಾಗದವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. "ಬಿಟ್ಟೋರ ಬೆರಳು ಮಷೀನಲ್ಲಿ ಇರ್ಬಾರ್ದು ಅಂತ ರೂಲ್ಸು. ಇವತ್ತೇ ತೆಗೀಬೇಕು. ಬೇರೆ ಯಾರನ್ನಾದ್ರೂ ಕಳ್ಸಿ ಬೇಕಾದ್ರೆ, ನೀವೇ ಬೇಡ."

"ಇಲ್ಲ ಮೇಡಂ, ನಾನೇ ಮಾಡ್ತೀನಿ" ಎಂದ ವೀರೇಶ.

ಯಂತ್ರದ ಮುಂದೆ ಆಗ ಯಾರೂ ಇರಲಿಲ್ಲ. ಒಳಗೆ ಸಾವಿರ ಹೊಲಿಗೆ ಯಂತ್ರಗಳು ಓಡುತ್ತಿದ್ದವು. ವೀರೇಶ ತನ್ನ ಹೆಬ್ಬೆರಳಿಟ್ಟ. ಯಂತ್ರ ಅವನನ್ನು ಗುರುತು ಹಿಡಿದು ಒಳಗೆ ಬಿಟ್ಟಿತು. ಹೆಸರುಗಳು ಸರಿದವು. ಅವಳ ಹೆಸರಿಗೆ ಬಂದು ನಿಂತ. ತೆಗೆಯಲೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದ. ಭಾಗವ್ವ ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿದ್ದಳು.

"ಆತೇನೋ?"

"ಆತವಾ."

"ಹಂಗಾರ ನಡಿ. ಮುಂಜಾನಿಂದ ಏನೂ ತಿಂದಿಲ್ಲ ನೀ."

ಅವಳು ಮುಂದೆ ಹೋದಳು. ಯಂತ್ರವನ್ನು ದಾಟುವಾಗ, ಮನೆಗೆ ಹೊರಟವರೆಲ್ಲ ಮಾಡುವ ಹಾಗೆ, ಯೋಚಿಸದೆ ಬೆರಳನ್ನು ಗಾಜಿನ ಮೇಲೆ ಇಟ್ಟಳು. ಕೆಂಪು ದೀಪ ಹತ್ತಿ, ಗುರುತು ಸಿಗಲಿಲ್ಲ ಎಂದು ಬಂತು. ನೂಲಿನ ಧೂಳು ಹತ್ತಿದೆಯೆಂದುಕೊಂಡು ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು.

"ಅಕ್ಕಾ" ಎಂದ ವೀರೇಶ, "ಬಾ ಅಕ್ಕಾ."